ತಿಮ್ಮರಾಯಪ್ಪ ಕೇಳಿದ ಕಾರಣ

ಹೋದ ತಿಂಗಳು ಒಂದು ಮದುವೆಗೆಂದು ತಮಿಳುನಾಡಿನ ಗಡಿಯಲ್ಲಿರುವ ತಳಿ ಎಂಬ ಊರಿನ ಕಡೆ ಹೋಗಿದ್ದೆ. ಊಟ ಮುಗಿಸಿಕೊಂಡು ಹೊಸೂರಿಗೆ ವಾಪಸು ಬರುವಾಗ ನಮ್ಮ ಬಸ್ಸಿನ ಮುಂದೆ ಕೋಸು ತುಂಬಿದ ಜೀಪೊಂದು ಸಿಕ್ಕಿಕೊಂಡಿತು. ರಸ್ತೆ ಕಿರಿದು, ಎದುರಿನಿಂದ ಗಾಡಿಗಳು ಬರುತ್ತಲೇ ಇದ್ದವು, ಹಿಂದೆ ಹಾಕಲು ಆಗಲಿಲ್ಲ. ಕೋಸಿನ ಹೊರಗಿನ ಎಲೆ ಮಂಜಿಗೆ ನೆನೆದು ಬಾಡಿ ಅಷ್ಟಿಷ್ಟು ಕೊಳೆತಾಗ ಒಂದು ವಾಸನೆ ಬರುತ್ತದೆ. ಅದು ಬಸ್ಸಿನೊಳಕ್ಕೆಲ್ಲ ತುಂಬಿತು. ಪಕ್ಕದಲ್ಲಿ ಕೂತಿದ್ದವರು ಮೂಗು ಮುಚ್ಚಿಕೊಂಡು ಕಿಟಕಿಯ ಗಾಜು ಎಳೆಯಿರಿ ಎಂದರು. ನಾನು ಎಳೆಯಲಿಲ್ಲ. ಅವರು ಇನ್ನೊಮ್ಮೆ ಹೇಳಿ, ಕೊನೆಗೆ ತಾವೇ ನನ್ನ ಮೈಮೇಲೆ ಬಾಗಿ ಎಳೆದರು. ಅಷ್ಟರಲ್ಲಿ ನಾನು ಆ ಬಸ್ಸಿನಲ್ಲಿರಲಿಲ್ಲ.

ಆ ಸೀಮೆಯ ಒಂದು ಹಳ್ಳಿಯ ಸಣ್ಣ ಕ್ರೈಸ್ತ ಸಭೆಗೆ ನಾನು ಒಂದು ವರ್ಷ ಪಾಲಕನಾಗಿದ್ದೆ. ಅದಕ್ಕೆ ಮೊದಲು ಕೋಲಾರದ ಕಡೆ ಇದ್ದೆ. ಅಲ್ಲಿದ್ದಾಗಲೇ, ಮಳೆಗಾಲದಲ್ಲಿ, ನನ್ನ ಹೆಂಡತಿ ಕೃಪಾ ಹೆರಿಗೆಯಲ್ಲಿ ತೀರಿಕೊಂಡಳು. ಮಗುವೂ ಉಳಿಯಲಿಲ್ಲ. ಮಗು ಮೊದಲು ಹೋಯಿತು. ಕೃಪಾ ಒಳಗೆ ಇನ್ನೂ ಉಸಿರಾಡುತ್ತಿದ್ದುದರಿಂದ ನಾನು ಆಸ್ಪತ್ರೆಯ ಆ ಬಾಗಿಲು ಬಿಟ್ಟು ಏಳಲಿಲ್ಲ. ನಮ್ಮ ಕಡೆಯವರು ಯಾರೋ ಮಗುವನ್ನು ತೆಗೆದುಕೊಂಡು ಹೋಗಿ ಮಣ್ಣು ಮಾಡಿ ಬಂದರು. ಆಮೇಲೆ ಕೃಪಾಳ ಉಸಿರೂ ನಿಂತಿತು.

ಮಣ್ಣಿನ ದಿನ ನಾನು ಅಳಲಿಲ್ಲ. ಬಂದವರೆಲ್ಲ ನನ್ನ ಕೈ ಹಿಡಿದುಕೊಂಡು, ಎಂಥ ನಂಬಿಕೆ ಅಯ್ಯನವರದು, ಕಲ್ಲಿನ ಹಾಗೆ ನಿಂತಿದ್ದಾರೆ ಎಂದರು. ಕಲ್ಲಿನ ಹಾಗೆ ಎಂಬುದು ಸರಿಯಾಗಿತ್ತು. ಅದು ನಂಬಿಕೆಯಾಗಿರಲಿಲ್ಲ. ಸ್ನಾನದ ನೀರು ಬಿಸಿಯೋ ತಣ್ಣಗೋ ಎಂಬುದು ಮೈ ಕೆಂಪಾದ ಮೇಲೆ ತಿಳಿಯುವಂಥ ದಿನಗಳು ಅವು. ಊಟಕ್ಕೆ ಕೂತರೆ ಸಾರಿಗೆ ಉಪ್ಪಿದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಯಾರಾದರೂ ಮಾತಾಡಿದರೆ ಅವರ ಬಾಯಿ ನೋಡುತ್ತಿದ್ದೆ, ಅದು ನಿಂತ ಮೇಲೆ ಹೂಂ ಎನ್ನುತ್ತಿದ್ದೆ. ಸಭೆಯ ಹಿರಿಯರು ನನ್ನನ್ನು ಕೂರಿಸಿಕೊಂಡು, ತಳಿಯ ಕಡೆ ಪಾಲಕರಿಲ್ಲದೆ ಬಹಳ ಕಾಲವಾಯಿತು, ಊರು ತಂಪು, ಜಾಗ ಬದಲಾದರೆ ಮನಸ್ಸೂ ಬದಲಾದೀತು ಎಂದರು. ಅದಕ್ಕೂ ಹೂಂ ಎಂದೆ.

ಮನೆ ಸಿಕ್ಕಿದ್ದು ತಿಮ್ಮರಾಯಪ್ಪ ಎಂಬ ರೈತರ ಮನೆಯ ಹಿಂಭಾಗದಲ್ಲಿ, ಒಂದು ಕೋಣೆ, ಒಂದು ಅಡಿಗೆ ಜಾಗ. ಅವರದು ತಲೆಮಾರುಗಳಿಂದ ಅಲ್ಲೇ ನೆಲೆನಿಂತ ಮನೆತನ. ರಾಗಿ, ಅವರೆ, ಕೋಸು ಬೆಳೆಯುತ್ತಿದ್ದರು. ಹೊಲದ ಬದುವಿನ ಮೇಲೆ ಅವರ ಮುನೇಶ್ವರನ ಕಲ್ಲಿತ್ತು. ಬೆಳಿಗ್ಗೆ ಅದಕ್ಕೆ ಒಂದು ಚೊಂಬು ನೀರು ಹಾಕಿಯೇ ಅವರು ಕೆಲಸ ಶುರು ಮಾಡುತ್ತಿದ್ದುದು. ನಾನು ಕ್ರೈಸ್ತ ಪಾಲಕ ಎಂಬುದು ಅವರಿಗೆ ತೊಡಕಾಗಲಿಲ್ಲ. ಅವರ ಹೆಂಡತಿ ಗೌರಮ್ಮ ಮೊದಲ ವಾರವೇ ನನ್ನ ಒಲೆಯನ್ನು ನೋಡಿ, ನೀವು ಬೇಯಿಸಿಕೊಳ್ಳುವುದು ಸಾಕು ಎಂದು ತಟ್ಟೆ ಕಳಿಸತೊಡಗಿದರು. ಹಾಗೆ ನಾನು ಅವರ ಮನೆಯ ಮುದ್ದೆ ಉಂಡುಕೊಂಡು, ಭಾನುವಾರ ತಗಡಿನ ಸೂರಿನ ಕೆಳಗೆ ಕನ್ನಡ, ತಮಿಳು, ತೆಲುಗು ಮೂರನ್ನೂ ಬೆರೆಸಿ ಬೈಬಲಿನ ಪ್ರಸಂಗ ಮಾಡುತ್ತಿದ್ದೆ. ಮಾತುಗಳು ಬಾಯಿಗೆ ಬರುತ್ತಿದ್ದವು. ಎಷ್ಟೋ ವರ್ಷ ಹೇಳಿದ ಮಾತುಗಳಾದ್ದರಿಂದ ಅವು ತಾವಾಗಿ ಬರುತ್ತಿದ್ದವು. ಜನ ಆಮೆನ್ ಎನ್ನುತ್ತಿದ್ದರು. ನಾನು ಬೀಗ ಹಾಕಿಕೊಂಡು ಬರುತ್ತಿದ್ದೆ.

ರಾಗಿ ಕೊಯ್ಲಿನ ಹೊತ್ತಿಗೆ ತಿಮ್ಮರಾಯಪ್ಪನವರ ಮಗಳು ಸುಮ ಹೆರಿಗೆಗೆಂದು ತವರಿಗೆ ಬಂದಳು. ಗಂಡ ಶಿವು ಹೊಸೂರಿನ ಪಕ್ಕದ ಮೂಕಂಡಪಲ್ಲಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡು ಫ್ಯಾಕ್ಟರಿಗೆ ಹೋಗುತ್ತಿದ್ದ. ರಜೆ ಸಿಕ್ಕಾಗ ಬಂದು ಹೋಗುತ್ತಿದ್ದ. ಸುಮಳಿಗೆ ಬೆಳಗಿನ ಎಳೆ ಬಿಸಿಲಲ್ಲಿ ಅಂಗಳದ ಕಲ್ಲುಬೆಂಚಿನ ಮೇಲೆ ಕೂರುವ ರೂಢಿ. ನಾನು ಅವಳು ಹೊರಗೆ ಬರುವ ಮೊದಲೇ ಮನೆ ಬಿಡತೊಡಗಿದೆ. ತಡವಾದರೆ ದನದ ಕೊಟ್ಟಿಗೆ ಸುತ್ತಿಕೊಂಡು ಹೋಗುತ್ತಿದ್ದೆ. ಅವಳ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ. ಕರೆಂಟು ಹರಿಯುವ ತಂತಿಯಿಂದ ದೂರ ನಡೆಯುತ್ತೇವಲ್ಲ, ಹಾಗೆ ನಡೆಯುತ್ತಿದ್ದೆ.

ಒಂದು ಸಂಜೆ ತಿಮ್ಮರಾಯಪ್ಪನವರು ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ನನ್ನನ್ನೂ ಕರೆದು ಕೂರಿಸಿದರು. ಸ್ವಲ್ಪ ಹೊತ್ತು ಇಬ್ಬರೂ ಸುಲಿದೆವು. ಆಮೇಲೆ ಅವರು ತಲೆ ಎತ್ತದೆ ಕೇಳಿದರು.

"ವಾದಕ್ಕಲ್ಲ ಪಾಸ್ಟ್ರಯ್ಯ, ಸುಮ್ನೆ ಕೇಳ್ತೀನಿ. ನಿಮ್ಮನೇವ್ರು ಹೋಗ್ಬುಟ್ರು, ಮಗೂನೂ ಹೋಗ್ಬುಡ್ತು. ಆದ್ರೂ ನೀವು ವಾರವಾರ ಹೋಗಿ ದೇವ್ರನ್ನೇ ನಂಬಿ ಅಂತ ಜನಕ್ಕೆ ಹೇಳ್ತೀರಿ. ನಂಬಕ್ಕೆ ಏನ್ ಕಾರಣ?"

ನಾನು ಹೇಳಿದೆ. ದೇವರು ಕೊಟ್ಟ ಮಾತನ್ನು ತಪ್ಪುವವನಲ್ಲ ಎಂದೆ. ನಾವು ಅವನನ್ನು ಹುಡುಕುವ ಮೊದಲೇ ಅವನು ನಮ್ಮನ್ನು ಪ್ರೀತಿಸಿದ ಎಂದೆ. ಯೇಸು ನಮಗಾಗಿ ಸತ್ತು ಮೂರನೆಯ ದಿನ ಎದ್ದು ಬಂದದ್ದರಿಂದ ಸಾವಿಗೆ ಕೊನೆಯ ಮಾತಿಲ್ಲ ಎಂದೆ. ಎಲ್ಲವೂ ಸರಿಯಾದ ಮಾತುಗಳೇ. ಇವತ್ತಿಗೂ ನಾನು ಅವುಗಳಲ್ಲಿ ಒಂದನ್ನೂ ಹಿಂದಕ್ಕೆ ತೆಗೆದುಕೊಳ್ಳುವವನಲ್ಲ. ಆದರೆ ಹೇಳುವಾಗ ನನ್ನ ದನಿ ನನಗೇ ಬಸ್ ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗುವವನ ದನಿಯ ಹಾಗೆ ಕೇಳಿಸುತ್ತಿತ್ತು. ತಿಮ್ಮರಾಯಪ್ಪನವರು ಮರ್ಯಾದೆಯಿಂದ ಕೊನೆಯವರೆಗೂ ಕೇಳಿದರು. ಆಮೇಲೆ, ಇದೆಲ್ಲ ನೀವು ಓದಿ ಕಲಿತಿರೋದು, ನಾನು ಕೇಳಿದ್ದು ನಿಮ್ಮನ್ನ ಎಂದರು. ನನಗೆ ಬೇಸರವಾಗಲಿಲ್ಲ. ಇಬ್ಬರೂ ಮತ್ತೆ ಅವರೆಕಾಯಿ ಸುಲಿದೆವು.

ಧನುರ್ಮಾಸದಲ್ಲಿ ಅಲ್ಲಿ ಬೆಳಗಿನ ಹೊತ್ತು ಮಂಜು ಎಷ್ಟು ದಟ್ಟವಾಗಿ ಇಳಿಯುತ್ತದೆಂದರೆ ಅಂಗಳದಲ್ಲಿ ನಿಂತರೆ ಬೀದಿ ಕಾಣುವುದಿಲ್ಲ. ಅಂಥ ಒಂದು ಬೆಳಿಗ್ಗೆ ಗೌರಮ್ಮ ನನ್ನ ಬಾಗಿಲು ಬಡಿದರು. ಸುಮಳ ಹೊಟ್ಟೆ ಕಲ್ಲಿನಂತೆ ಗಟ್ಟಿಯಾಗಿತ್ತು, ರಕ್ತ ಹೋಗುತ್ತಿತ್ತು. ಹೆರಿಗೆಗೆ ಇನ್ನೂ ವಾರಗಳಿದ್ದವು. ಆಂಬುಲೆನ್ಸಿಗೆ ಫೋನ್ ಮಾಡಿದ್ದರು. ಅದು ಬೇರೆ ಊರಿಗೆ ಹೋಗಿದೆ, ಬರುವುದು ತಡವಾಗುತ್ತದೆ ಎಂಬ ಉತ್ತರ ಬಂದಿತ್ತು. ಹೊಸೂರಿನ ಮಾರ್ಕೆಟ್ಟಿಗೆ ಹೊರಡಬೇಕಿದ್ದ ಪಕ್ಕದ ಮನೆಯವರ ಜೀಪು ಕೋಸು ತುಂಬಿಕೊಂಡು ಬೀದಿಯಲ್ಲಿ ನಿಂತಿತ್ತು. ಯಾರೂ ಯಾರಿಗೂ ಹೇಳಲಿಲ್ಲ, ಎಲ್ಲರೂ ಸೇರಿ ಕೋಸನ್ನು ಬೀದಿಗೆ ಎಸೆದೆವು. ಗೌರಮ್ಮ ಒಳಗೆ ಕೌದಿ ಹಾಸಿ ಮಗಳನ್ನು ಮಲಗಿಸಿಕೊಂಡರು. ತಿಮ್ಮರಾಯಪ್ಪನವರು ನನ್ನ ತೋಳು ಹಿಡಿದು, ನನ್ನ ತಮಿಳು ಸಂತೆಗೆ ಸಾಲ್ತದೆ, ಆಸ್ಪತ್ರೆಗೆ ಸಾಲಲ್ಲ, ನೀವೂ ಬನ್ನಿ ಎಂದರು. ನಾನು ಹತ್ತಿದೆ.

ಜೀಪು ಮಂಜಿನಲ್ಲಿ ದೀಪ ಹಾಕಿಕೊಂಡು ತೆವಳಿತು. ಕಾಲಡಿ ಕೋಸಿನ ಎಲೆಗಳು. ಸುಮ ಕೂಗುತ್ತಿರಲಿಲ್ಲ, ಹಲ್ಲು ಕಚ್ಚಿ ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದಳು. ಅವಳಿಗೆ ಹತ್ತಿರ ಸಿಕ್ಕಿದ್ದು ಅದು. ದಾರಿಯಲ್ಲಿ ಗೌರಮ್ಮ ನನ್ನತ್ತ ತಿರುಗಿ, "ನಿಮ್ ದೇವ್ರನ್ನೂ ಒಂದ್ ಮಾತು ಕೇಳಿ ಪಾಸ್ಟ್ರಯ್ಯ" ಎಂದರು.

ಬಾಯಿ ತೆರೆದೆ. ಯೇಸುವೇ ಎಂದೆ. ಮುಂದಿನ ಮಾತು ಬರಲಿಲ್ಲ. ಹೀಗೇ ಒಂದು ದಿನ ಕೃಪಾಳನ್ನು ಕರೆದುಕೊಂಡು ಹೋಗುವಾಗ ನಾನು ದಾರಿಯುದ್ದಕ್ಕೂ ಪ್ರಾರ್ಥಿಸಿದ್ದೆ, ಒಂದು ಮಾತನ್ನೂ ಉಳಿಸಿಕೊಳ್ಳದೆ ಪ್ರಾರ್ಥಿಸಿದ್ದೆ. ಈಗ ಒಳಗೆ ಕೈ ಹಾಕಿದರೆ ಏನೂ ಸಿಗಲಿಲ್ಲ. ಗೌರಮ್ಮ ನನ್ನ ಮುಖ ನೋಡಿದರು. ಅವರಿಗೆ ಏನು ತಿಳಿಯಿತೋ, ಮತ್ತೆ ಕೇಳಲಿಲ್ಲ. ಮಗಳ ಹಣೆ ಒತ್ತುತ್ತ ತಾವೇ ಶುರು ಮಾಡಿದರು. ಮುನೇಶ್ವರಾ, ಯೇಸಪ್ಪಾ, ಮುನೇಶ್ವರಾ, ಯೇಸಪ್ಪಾ. ಹೊಸೂರು ಬರುವವರೆಗೂ ಬಿಡಲಿಲ್ಲ. ನಾನು ಅರ್ಧಕ್ಕೆ ಬಿಟ್ಟ ಹೆಸರನ್ನು, ಅದನ್ನು ನಂಬದ ಒಬ್ಬ ಹೆಂಗಸು ದಾರಿಯುದ್ದಕ್ಕೂ ಹೊತ್ತುಕೊಂಡು ಬಂದರು.

ಆಸ್ಪತ್ರೆಯಲ್ಲಿ ತಡಮಾಡದೆ ಒಳಗೆ ಕರೆದುಕೊಂಡರು. ಹೆರಿಗೆಗೆ ಮೊದಲೇ ಮಾಸು ಗರ್ಭಕೋಶದಿಂದ ಬಿಟ್ಟುಕೊಂಡಿದೆ ಎಂದು ಡಾಕ್ಟರಮ್ಮ ತಮಿಳಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳಿದೆ. ಆಪರೇಷನ್ ಮಾಡಬೇಕು ಎಂದದ್ದನ್ನು ಹೇಳಿದೆ. ರಕ್ತ ಬೇಕು ಎಂದದ್ದನ್ನು ಹೇಳಿದೆ. ಶಿವು ಫ್ಯಾಕ್ಟರಿಯ ಯೂನಿಫಾರಂನಲ್ಲೇ ಓಡಿ ಬಂದ. ಬಹಳ ಹೊತ್ತಿನ ಮೇಲೆ ಡಾಕ್ಟರಮ್ಮ ಹೊರಗೆ ಬಂದು, ತಾಯಿ ಉಳಿದಳು, ಮಗು ಉಳಿಯಲಿಲ್ಲ ಎಂದರು. ಅದನ್ನೂ ನಾನೇ ಕನ್ನಡದಲ್ಲಿ ಹೇಳಬೇಕಾಯಿತು. ಹೇಳಿದೆ. ನನ್ನ ದನಿ ಒಂದಿಷ್ಟೂ ನಡುಗಲಿಲ್ಲ. ಗೌರಮ್ಮ ಗೋಡೆ ಹಿಡಿದು ಕೂತರು.

ಗಂಡು ಮಗು. ಊರಿಗೆ ಒಯ್ದು ಮಣ್ಣು ಮಾಡುವುದೆಂದು ಆಯಿತು. ಶಿವುವೂ ಗೌರಮ್ಮನೂ ಸುಮಳ ಹತ್ತಿರ ಉಳಿದರು. ನರ್ಸಮ್ಮ ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಾಗ ತಿಮ್ಮರಾಯಪ್ಪನವರು ಕೈ ಚಾಚಿದರು. ಬಟ್ಟೆಯ ತುದಿ ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡರು. ಅವರು ನನ್ನ ಕಡೆ ನೋಡಿದರು. ನಾನು ತೆಗೆದುಕೊಂಡೆ.

ಅದೇ ಜೀಪಿನಲ್ಲಿ ವಾಪಸು ಹೊರಟೆವು. ಮಂಜು ಕರಗಿ ಬಿಸಿಲು ಬಂದಿತ್ತು. ಕಾಲಡಿಯ ಎಲೆಗಳು ಬಾಡಿ ವಾಸನೆ ಹೊಡೆಯುತ್ತಿದ್ದವು. ಮಗು ನನ್ನ ತೊಡೆಯ ಮೇಲಿತ್ತು. ರಸ್ತೆ ಕುಲುಕಿದಾಗ ತಲೆಯ ಕೆಳಗೆ ಕೈ ಕೊಡುತ್ತಿದ್ದೆ. ಕೊಟ್ಟು ಆಗುವುದೇನೂ ಇಲ್ಲ ಎಂದು ಗೊತ್ತಿದ್ದರೂ ಕೊಡುತ್ತಿದ್ದೆ. ನನ್ನ ಮಗುವನ್ನು ನಾನು ಎತ್ತಿಕೊಂಡಿರಲಿಲ್ಲ. ಅದನ್ನು ಯಾರು ಹೊತ್ತರು, ದಾರಿಯಲ್ಲಿ ತಲೆಯ ಕೆಳಗೆ ಕೈ ಕೊಟ್ಟರೋ ಇಲ್ಲವೋ, ಆ ಜೀಪಿನಲ್ಲಿ ಕೂತು ಯೋಚಿಸಿದೆ. ಆವರೆಗೆ ಯೋಚಿಸಿರಲಿಲ್ಲ.

ಹೊಲದ ಅಂಚಿಗೆ ಹೊಂಗೆ ಮರದ ಕೆಳಗೆ ಗುಂಡಿ ತೋಡಿದೆವು. ಮಣ್ಣು ಕೆಂಪಾಗಿ ಮೆತ್ತಗಿತ್ತು. ತಿಮ್ಮರಾಯಪ್ಪನವರು ಹಾಲು ಬಿಟ್ಟರು, ಅರಿಶಿನ ಕುಂಕುಮ ಹಾಕಿದರು. ಆಮೇಲೆ, ನಿಮ್ಮದೂ ಏನಾದರೂ ಹೇಳಿ ಎಂದರು. ನಾನು, ಕರ್ತನೇ, ಬದುಕಿದ್ದಾಗ ಇವನನ್ನು ನಾವು ನೋಡಲಿಲ್ಲ, ನೀನು ನೋಡಿದ್ದೀ ಎಂದೆ. ಅಷ್ಟೇ ಬಂತು. ಮಣ್ಣು ಎಳೆದೆವು.

ಕೆಲಸ ಮುಗಿದ ಮೇಲೂ ಅವರು ಏಳಲಿಲ್ಲ. ಬದುವಿನ ಮೇಲೆ ಕೂತು ಕೈಗೆ ಅಂಟಿದ ಮಣ್ಣನ್ನು ಉದುರಿಸುತ್ತ, "ಈಗ ಹೇಳಿ ಪಾಸ್ಟ್ರಯ್ಯ" ಎಂದರು.

ಏನನ್ನು ಕೇಳುತ್ತಿದ್ದಾರೆಂದು ಗೊತ್ತಾಯಿತು. ನಾನೂ ಅವರ ಪಕ್ಕ ಕೂತು ಹೇಳಿದೆ.

"ಅವತ್ತು ಹೇಳಿದ್ದು ಸುಳ್ಳಲ್ಲ ಯಜಮಾನ್ರೆ. ಆದ್ರೆ ಈಗ ಅದ್ಯಾವುದೂ ನನ್ನ ಕೈಗೆ ಸಿಗ್ತಿಲ್ಲ. ಒಂದು ಮಾತ್ರ ಸಿಗ್ತದೆ. ನಾನು ನಂಬಿರೋ ದೇವರು ಮಗನನ್ನ ಮಣ್ಣಿಗೆ ಇಟ್ಟವನು. ಇಂಥ ಗುಂಡಿ ಮುಂದೆ ನಿಂತವನು. ಯೇಸು ತನ್ನ ಸ್ನೇಹಿತ ಸತ್ತಾಗ ಸಮಾಧಿ ಹತ್ರ ಹೋಗಿ ಅತ್ತ. ಇನ್ನೊಂದು ಗಳಿಗೇಲಿ ಅವನನ್ನ ಎಬ್ಬಿಸ್ತೀನಿ ಅಂತ ಗೊತ್ತಿದ್ರೂ ಅತ್ತ. ಎಲ್ಲೋ ಮೇಲೆ ಕೂತ್ಕೊಂಡು ಎಲ್ಲಾ ಸರಿಹೋಗ್ತದೆ ಅನ್ನೋ ದೇವರಾಗಿದ್ರೆ ಅವನ ಮಾತು ನನಗೆ ಬೇಕಿರಲಿಲ್ಲ. ಇವನು ಹೇಳಿದ್ರೆ ಕೇಳ್ತೀನಿ. ಇವನಿಗೆ ಗೊತ್ತು."

ತಿಮ್ಮರಾಯಪ್ಪನವರು ಮಣ್ಣು ಉದುರಿಸುವುದನ್ನು ನಿಲ್ಲಿಸಿದರು.

"ದೇವ್ರು ಅತ್ತನಾ?"

"ಹೂಂ."

"ನೀವು?"

"ಇನ್ನೂ ಇಲ್ಲ."

ಅವರು ತಲೆಯಾಡಿಸಿದರು. ಆ ಮಾತು ಅಲ್ಲಿಗೆ ಮುಗಿಯಿತು. ಮಾರನೆಯ ದಿನ ಬೆಳಿಗ್ಗೆ ಅವರು ಎಂದಿನಂತೆ ಮುನೇಶ್ವರನ ಕಲ್ಲಿಗೆ ನೀರು ಹಾಕಿದ್ದನ್ನು ನೋಡಿದೆ. ನನ್ನ ಸಭೆಗೆ ಅವರು ಆಗಲೂ ಬರಲಿಲ್ಲ, ಮುಂದೆಯೂ ಬರಲಿಲ್ಲ. ನಾನೂ ಕರೆಯಲಿಲ್ಲ.

ಆದರೆ ಆ ಬದುವಿನ ಮೇಲೆ ನನ್ನ ಬಾಯಿಂದ ಬಂದ ಮಾತು ನನ್ನನ್ನು ಬಿಡಲಿಲ್ಲ. ನಂಬಿಕೆ ಎಂದರೆ ನನ್ನೊಳಗಿನ ಒಂದು ಬಿಸಿ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಆ ಬಿಸಿ ಆರಿದ್ದರಿಂದ ಎಲ್ಲವೂ ಮುಗಿಯಿತೆಂದು, ಹೊರಗಿನ ಅಂಗಿ ಮಾತ್ರ ಪಾಲಕನದೆಂದು ಅಂದುಕೊಂಡಿದ್ದೆ. ಭಾನುವಾರ ಸಭೆ ಹಾಡುವಾಗ ನನ್ನ ತುಟಿ ಆಡದಿದ್ದರೂ ಹಾಡು ನಿಲ್ಲುತ್ತಿರಲಿಲ್ಲ. ಮಲ್ಲಿಗೆ ಕಟ್ಟುವವರು, ಟೊಮೇಟೊ ಕೀಳುವವರು, ರಾತ್ರಿ ಪಾಳಿ ಮುಗಿಸಿ ನೇರ ಬಂದ ಹುಡುಗಿಯರು ಹಾಡುತ್ತಿದ್ದರು. ನಾನು ಅದರ ನಡುವೆ ನಿಂತಿರುತ್ತಿದ್ದೆ. ಹಾಗೆ ನಿಂತಿರುವಾಗ ಒಮ್ಮೆ ತಿಳಿಯಿತು, ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದಕ್ಕೆ ದೇವರು ನಂಬಿಗಸ್ತನಾಗಿಲ್ಲ, ನಾನು ಕೈಬಿಟ್ಟಿದ್ದಕ್ಕೆ ಅವನು ಹೋಗಿಯೂ ಇಲ್ಲ. ತಿಳಿದದ್ದರಿಂದ ಸಂತೋಷವೇನೂ ಆಗಲಿಲ್ಲ. ತಿಳಿಯಿತು, ಅಷ್ಟೇ.

ಸುಮ ಮನೆಗೆ ಬಂದಳು. ಎದೆಯಲ್ಲಿ ಹಾಲು ಕಟ್ಟಿ ಜ್ವರ ಬಂತು, ಗೌರಮ್ಮ ಬಟ್ಟೆ ಬಿಗಿದು ಕಟ್ಟುತ್ತಿದ್ದರು. ಬಂದವರೆಲ್ಲ, ಇನ್ನೂ ಚಿಕ್ಕ ವಯಸ್ಸು, ಮುಂದಿನ ವರ್ಷ ಇನ್ನೊಂದು ಆಗ್ತದೆ ಬಿಡು ಎಂದು ಹೇಳಿ ಹೋಗುತ್ತಿದ್ದರು. ಅವಳು ಹೂಂ ಎನ್ನುತ್ತಿದ್ದಳು. ಆ ಹೂಂ ಎಲ್ಲಿಂದ ಬರುತ್ತದೆಂದು ನನಗೆ ಗೊತ್ತಿತ್ತು. ನಾನು ಕೊಟ್ಟಿಗೆ ಸುತ್ತಿಕೊಂಡು ಹೋಗುವುದನ್ನು ಬಿಟ್ಟೆ. ಬೆಳಿಗ್ಗೆ ಕಲ್ಲುಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಮಾತಾಡುತ್ತಿರಲಿಲ್ಲ.

ಸಂಕ್ರಾಂತಿ ಕಳೆದಿತ್ತು. ಒಂದು ದಿನ ಅವಳೇ ಮಾತಾಡಿದಳು. ನಿಮ್ಮದು ಗಂಡಾ ಹೆಣ್ಣಾ ಎಂದು ಕೇಳಿದಳು. ಅದುವರೆಗೆ ನನ್ನನ್ನು ಯಾರೂ ಅದನ್ನು ಕೇಳಿರಲಿಲ್ಲ. ಹೆಣ್ಣು ಎಂದೆ.

"ಹೆಸ್ರು ಇಕ್ಕಿದ್ರಾ?"

ಇಟ್ಟಿದ್ದೆವು. ಕೃಪಾ ಐದಾರು ತಿಂಗಳಿನಲ್ಲೇ ಆರಿಸಿದ್ದಳು. ನಾವಿಬ್ಬರು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವಳು ಹೋದ ಮೇಲೆ ಆ ಹೆಸರು ಗೊತ್ತಿರುವವನು ನಾನೊಬ್ಬನೇ ಉಳಿದಿದ್ದೆ.

"ರೂತ್" ಎಂದೆ.

"ರೂತು" ಎಂದಳು ಅವಳು, ತನ್ನ ನಾಲಿಗೆಗೆ ಹೊಂದುವ ಹಾಗೆ. ಆಮೇಲೆ, ನಮ್ಮ ಮಗೂಗೆ ಚೇತನ್ ಅಂತ ಅಂದುಕೊಂಡಿದ್ದೆ, ಶಿವು ಮಾತ್ರ ಬೇಡ ಅಂತಿದ್ದರು, ಫ್ಯಾಕ್ಟರಿಯಲ್ಲಿ ಅವರಿಗೆ ಆಗದ ಸೂಪರ್‌ವೈಸರ್ ಒಬ್ಬನಿಗೆ ಅದೇ ಹೆಸರಂತೆ ಎಂದಳು. ಹೇಳುತ್ತಾ ಹೇಳುತ್ತಾ ನಗು ಬಂತು ಅವಳಿಗೆ. ನಗು ಅರ್ಧಕ್ಕೆ ನಿಂತು ಅಳುವಾಯಿತು. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ನಾನೂ ನನ್ನ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ಕೂತುಕೊಂಡೆ. ರೂತ್ ಎಂದು ಇನ್ನೊಮ್ಮೆ ಹೇಳಿದೆ. ಆಮೇಲೆ ಏನಾಯಿತೋ ಸರಿಯಾಗಿ ಹೇಳಲಾರೆ. ಅತ್ತೆ, ಅಳುತ್ತಾ ಅಳುತ್ತಾ ದೇವರನ್ನು ಕೇಳತೊಡಗಿದೆ. ಎಲ್ಲಿದ್ದೆ ಎಂದು ಕೇಳಿದೆ. ಅಷ್ಟು ಪ್ರಾರ್ಥಿಸಿದೆನಲ್ಲ, ಒಂದನ್ನಾದರೂ ಉಳಿಸಬಾರದಿತ್ತೇ ಎಂದು ಕೇಳಿದೆ. ಸಭೆಯಲ್ಲಿ ಯಾರಾದರೂ ಕೇಳಿದ್ದರೆ ಬೆಚ್ಚಿಬೀಳುವಂಥ ಮಾತುಗಳನ್ನು ಆಡಿದೆ. ಅಷ್ಟು ತಿಂಗಳಲ್ಲಿ ನಾನು ಮಾಡಿದ ಮೊದಲ ಪ್ರಾರ್ಥನೆ ಅದು. ಯಾರೂ ಇಲ್ಲದ ಕೋಣೆಯಲ್ಲಿ ಮನುಷ್ಯ ಅಷ್ಟು ಹೊತ್ತು ಜಗಳವಾಡಲಾರ. ಎದುರಿಗೆ ಕೇಳಿಸಿಕೊಳ್ಳುವವನು ಒಬ್ಬನಿದ್ದ. ಅವನು ಎದ್ದು ಹೋಗಲಿಲ್ಲ, ನನ್ನನ್ನು ಸುಮ್ಮನಿರು ಎನ್ನಲೂ ಇಲ್ಲ. ತಿಮ್ಮರಾಯಪ್ಪನವರು ಈಗ ಕೇಳಿದ್ದರೆ ಇದನ್ನೂ ಒಂದು ಕಾರಣವೆಂದು ಹೇಳುತ್ತಿದ್ದೆ.

ಮಧ್ಯಾಹ್ನ ಮೀರಿದ ಮೇಲೆ ಬಾಗಿಲು ಬಡಿದ ಸದ್ದಾಯಿತು. ಗೌರಮ್ಮ ತಟ್ಟೆ ಹಿಡಿದು ನಿಂತಿದ್ದರು. ಮುದ್ದೆ, ಹುರುಳಿ ಸಾರು. ನನ್ನ ಮುಖ ನೋಡಿದರು, ನನ್ನ ಹಿಂದಿದ್ದ ಖಾಲಿ ಕೋಣೆ ನೋಡಿದರು.

"ಯಾರ ಜೊತೇಲಿ ಮಾತಾಡ್ತಿದ್ರಿ?"

"ದೇವರ ಜೊತೆ."

"ಬೈತಾ ಇದ್ದಂಗೆ ಕೇಳಿಸ್ತು."

"ಹೂಂ."

ಅವರು ಒಳಗೆ ಬಂದು ತಟ್ಟೆಯನ್ನು ನೆಲದ ಮೇಲಿಟ್ಟರು. ಚೊಂಬಿನಲ್ಲಿ ನೀರಿದೆಯೇ ಎಂದು ನೋಡಿದರು.

"ಉಂಡು ಬೈಯಿರಿ" ಎಂದರು. "ಅವ್ನೆಲ್ಗೂ ಹೋಗಲ್ಲ."

ಬಾಗಿಲು ತೆರೆದೇ ಬಿಟ್ಟು ಹೋದರು. ನಾನು ಕೈ ತೊಳೆದು ಕೂತೆ. ಮುದ್ದೆ ಮುರಿದು ಸಾರಿಗೆ ಅದ್ದಿ ಬಾಯಿಗೆ ಹಾಕಿಕೊಂಡೆ. ಸಾರು ಖಾರವಾಗಿತ್ತು.